ಘಟ್ಟಕ್ಕೂ ಮಳೆಗೂ ಹದಗೊಳಿಸಿದ ಪಾಲಿಯೊ: ನನ್ನ ಅನುಭವ

ಫಿಯಟ್ ಸಂಸ್ಥೆ 2001ರಲ್ಲಿ ಭಾರತದ ಮಾರುಕಟ್ಟೆಗೆ ತಂದ ಪಾಲಿಯೊ ಕಾರಿನ ಮಾದರಿಗಳಲ್ಲಿ 1.6 ಜಿಟಿಎಕ್ಸ್ ಎಂಬುದು ಚುರುಕಿನ ಚಾಲನೆಯನ್ನು ಪ್ರೀತಿಸುವವರಿಗಾಗಿಯೇ ರೂಪುಗೊಂಡಿದ್ದ ಕಾರು. ಎರಡೇ ಆಸನಗಳ ಸ್ಪೋರ್ಟ್ಸ್ ಕಾರು ಅದಲ್ಲದಿದ್ದರೂ, 1,596 ಸಿ.ಸಿ.ಯ ಹದಿನಾರು ವಾಲ್ವ್‌ಗಳ ಪೆಟ್ರೋಲ್ ಎಂಜಿನ್, ಸುಮಾರು 100 ಅಶ್ವಶಕ್ತಿ, ಗಟ್ಟಿಮುಟ್ಟಾದ ದೇಹ ಮತ್ತು ರಸ್ತೆಯ ಪ್ರತಿಯೊಂದು ಏರಿಳಿತವನ್ನೂ ಕೈಗೆ ತಿಳಿಸುವ ಸ್ಟಿಯರಿಂಗ್ ಸೇರಿ ಆ ಕಾಲದ ನಮ್ಮ ಸಣ್ಣ ಕಾರುಗಳಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿದ್ದವು. ಸಚಿನ್ ತೆಂಡೂಲ್ಕರ್ ಅವರ ಹೆಸರಿನೊಂದಿಗೆ ಎಸ್10 ಎಂಬ 500 ಕಾರುಗಳ ಸೀಮಿತ ಆವೃತ್ತಿಯೂ ಬಂದಿತ್ತು. ನನ್ನ ಬಳಿ ಇರುವುದು ಎಸ್10 ಅಲ್ಲ, ಸಾಮಾನ್ಯ ಜಿಟಿಎಕ್ಸ್. ಅದನ್ನು ಕೊಡಗಿನ ರಸ್ತೆಗಳಿಗೆ ಹೊಂದುವಂತೆ ಹೇಗೆ ಬದಲಾಯಿಸಿದೆ ಎಂಬುದನ್ನು, ಇಂತಹುದೇ ಹಳೆಯ ಕಾರನ್ನು ಇಟ್ಟುಕೊಂಡಿರುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಕಾರನ್ನು ಕೊಂಡವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಎಂಜಿನ್ನಿಗೆ ಮತ್ತು ಸೈಲೆನ್ಸರಿಗೆ. ನಾನು ಬ್ರೇಕಿನಿಂದ ಆರಂಭಿಸಿದೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಎತ್ತ ಹೊರಟರೂ ಇಳಿಜಾರು ತಪ್ಪಿದ್ದಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ; ಅಲ್ಲಿಂದ ಸಂಪಾಜೆ ಘಟ್ಟವನ್ನು ಇಳಿದು ಮುಗಿಸುವಷ್ಟರಲ್ಲಿ ಕಾರು ಸುಮಾರು ಒಂದು ಸಾವಿರ ಮೀಟರ್ ಕೆಳಗೆ ಬಂದಿರುತ್ತದೆ. ಚಾಲಕನೂ ಸೇರಿ ಒಂದು ಟನ್ನಿಗಿಂತ ಹೆಚ್ಚು ತೂಗುವ ಕಾರು ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು ಒಂದು ಕೋಟಿ ಜೂಲ್. ಅದು ಮೂವತ್ತು ಲೀಟರ್ ತಣ್ಣೀರನ್ನು ಕುದಿಸಲು ಸಾಕಾಗುವಷ್ಟು ಶಾಖ. ಸೂಕ್ತ ಗೇರಿನಲ್ಲಿ ಇಳಿದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ನೇ ಹೀರಿಕೊಳ್ಳುತ್ತದೆ, ಉಳಿದದ್ದರಲ್ಲಿ ಬಹುಪಾಲು ಮುಂದಿನ ಚಕ್ರಗಳ ಎರಡು ಬ್ರೇಕ್ ಡಿಸ್ಕುಗಳ ಮೇಲೆ ಬೀಳುತ್ತದೆ.

ಇಲ್ಲಿ ಮಳೆಗೂ ಬ್ರೇಕಿಗೂ ಇರುವ ನಂಟನ್ನು ಹೇಳಲೇಬೇಕು. ನಾವೆಲ್ಲ ಬ್ರೇಕ್ ಆಯಿಲ್ ಎಂದು ಕರೆಯುವ ದ್ರವಕ್ಕೆ ಗಾಳಿಯಲ್ಲಿರುವ ತೇವವನ್ನು ಹೀರುವ ಗುಣವಿದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದ್ದರೆ, ತೇವ ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ತಿಂಗಳುಗಟ್ಟಲೆ ಗೋಡೆಗಳೇ ಬೆವರುವ ನಮ್ಮ ಮಳೆಗಾಲದಲ್ಲಿ ಈ ದ್ರವ ಬೇಗ ಹಳತಾಗುತ್ತದೆ ಎಂದೇ ಭಾವಿಸಿ ನಡೆಯುವುದು ಕ್ಷೇಮ. ದ್ರವ ಕುದಿದರೆ ಕೊಳವೆಯೊಳಗೆ ಆವಿಯ ಗುಳ್ಳೆಗಳು ತುಂಬಿ, ಪೆಡಲ್ ನೆಲಕ್ಕೆ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ವರ್ಷ ಮುಂಗಾರು ಮುಗಿದ ಮೇಲೆ ಹಳೆಯ ದ್ರವವನ್ನು ಪೂರ್ತಿ ತೆಗೆದು, ಆಗಷ್ಟೇ ಮುಚ್ಚಳ ಬಿಚ್ಚಿದ ಡಬ್ಬಿಯ ಡಾಟ್ 4 ತುಂಬಿಸುತ್ತೇನೆ. ಅರ್ಧ ಉಳಿದ ಡಬ್ಬಿಯನ್ನು ಮುಂದಿನ ಸಲಕ್ಕೆ ಎತ್ತಿಡುವುದಿಲ್ಲ.

ಹಳೆಯ ರಬ್ಬರ್ ಹೋಸುಗಳ ಬದಲು ಉಕ್ಕಿನ ಹೆಣಿಗೆಯ ಹೊದಿಕೆ ಇರುವ ಹೋಸುಗಳನ್ನು ಹಾಕಿದ್ದರಿಂದ ಪೆಡಲಿನ ಮೆತ್ತನೆಯ ಸ್ವಭಾವ ಹೋಗಿ, ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ ಎಂಬುದು ಪಾದಕ್ಕೆ ಸ್ಪಷ್ಟವಾಗಿ ತಿಳಿಯುವಂತಾಯಿತು. ರೇಸಿನ ಪ್ಯಾಡುಗಳನ್ನು ಹಾಕೆಂದು ಸ್ನೇಹಿತರು ಒತ್ತಾಯಿಸಿದರೂ ನಾನು ಒಪ್ಪಲಿಲ್ಲ. ಅಂತಹ ಪ್ಯಾಡುಗಳು ಬಿಸಿಯೇರಿದ ಮೇಲೆಯೇ ಸರಿಯಾಗಿ ಹಿಡಿಯುವಂಥವು. ಮಳೆ ಜೋರಾಗಿರುವ ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ಮುಂಜಾನೆ ಗೇಟು ದಾಟಿದೊಡನೆ ಎದುರಾಗುವ ಮೊದಲ ತಿರುವಿನಲ್ಲಿ, ಒದ್ದೆಯಾದ ತಣ್ಣನೆಯ ಡಿಸ್ಕಿನ ಮೇಲೆ ಅವನ್ನು ನಂಬುವಂತಿಲ್ಲ. ಹಿಂದಿನ ಡ್ರಮ್‌ಗಳನ್ನು ತೆಗೆದು ಡಿಸ್ಕ್ ಕೂರಿಸುವ ಯೋಚನೆಯನ್ನೂ ಕೈಬಿಟ್ಟೆ. ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ ವಾಲಿ ಹಿಂದಿನ ಚಕ್ರಗಳು ಹಗುರಾಗುತ್ತವೆ. ಅವಕ್ಕೆ ಹೆಚ್ಚಿನ ಬ್ರೇಕ್ ಬಲ ಕೊಟ್ಟರೆ ಒದ್ದೆ ರಸ್ತೆಯಲ್ಲಿ ಹಿಂಭಾಗವೇ ಜಾರಿ ಮುಂದಕ್ಕೆ ಬರುತ್ತದೆ.

ಈ ಕೆಲಸಗಳೆಲ್ಲ ನಡೆದದ್ದು ಸುಂಟಿಕೊಪ್ಪದ ಕಡೆ ಇರುವ ನಮ್ಮ ತೋಟದ ಕಾಫಿ ಕಣದಲ್ಲಿ. ಕುಯಿಲು ಮುಗಿದು ಕೊನೆಯ ಕಾಫಿ ಚೀಲಗಳು ಹೊರಟ ಮೇಲೆ ಮಳೆ ಹಿಡಿಯುವವರೆಗೆ ಕಣ ಖಾಲಿ ಇರುತ್ತದೆ. ನಯವಾದ, ಮಟ್ಟಸವಾದ ಸಿಮೆಂಟಿನ ನೆಲ ಕಾರಿನ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಕಣದಿಂದ ನೀರು ಹರಿದುಹೋಗಲೆಂದು ಇರುವ ಸಣ್ಣ ಓರೆಯನ್ನು ಮಟ್ಟಗೋಲಿನಿಂದ ಅಳೆದು, ತಗ್ಗಿನ ಕಡೆಯ ಚಕ್ರಗಳ ಕೆಳಗೆ ತೆಳು ತಗಡುಗಳನ್ನಿಟ್ಟು ಸರಿದೂಗಿಸಿಕೊಂಡೆ.

ಚಕ್ರಗಳ ನೇರವನ್ನು ಸರಿಪಡಿಸುವ (ವೀಲ್ ಅಲೈನ್‌ಮೆಂಟ್) ಕೆಲಸವನ್ನು ಇದೇ ಕಣದಲ್ಲಿ ದಾರದಿಂದ ಮಾಡುತ್ತೇನೆ. ಕಾರಿನ ಎರಡೂ ಪಕ್ಕ, ಚಕ್ರದ ನಡುಮಟ್ಟದ ಎತ್ತರಕ್ಕೆ ಉದ್ದನೆಯ ನೈಲಾನ್ ದಾರವನ್ನು ಎಳೆದು ಕಟ್ಟಬೇಕು. ಎರಡು ದಾರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಇರಬೇಕು ಮತ್ತು ಕಾರು ಅವುಗಳ ನಟ್ಟನಡುವೆ ಇರಬೇಕು. ಇದನ್ನು ಸಾಧಿಸುವುದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಬಳಿಕ ಸ್ಟಿಯರಿಂಗನ್ನು ನೇರವಾಗಿ ಬಿಗಿದು ನಿಲ್ಲಿಸಿ, ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು ಎಂದು ಉಕ್ಕಿನ ಸ್ಕೇಲಿನಲ್ಲಿ ಅಳೆದರೆ ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಸಿಗುತ್ತದೆ. ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡನ್ನು ಕಾಲು ಸುತ್ತು ತಿರುಗಿಸಿ, ಕಾರನ್ನು ಒಮ್ಮೆ ಹಿಂದೆ ಮುಂದೆ ಉರುಳಿಸಿ, ಮತ್ತೆ ಅಳೆಯಬೇಕು. ಪೇಟೆಯ ಯಂತ್ರ ಇದನ್ನು ಬೇಗ ಮಾಡುತ್ತದೆ, ಆದರೆ ಕೀಲುಗಳಲ್ಲಿರುವ ರಬ್ಬರ್ ಬುಷ್ ಸವೆದಿದೆಯೇ, ಗುಂಡಿನಾಕಾರದ ಕೀಲಾದ ಬಾಲ್ ಜಾಯಿಂಟಿನಲ್ಲಿ ಸಡಿಲ ಆಟವಿದೆಯೇ ಎಂಬುದು ಹೀಗೆ ಕೈಯಿಂದ ಮಾಡುವಾಗಲೇ ನನಗೆ ಚೆನ್ನಾಗಿ ಗೊತ್ತಾಗುತ್ತದೆ.

ಸಸ್ಪೆನ್ಷನ್ ವಿಷಯದಲ್ಲಿ ನನ್ನ ಅಭಿಪ್ರಾಯ ಬಹುಮತಕ್ಕೆ ವಿರುದ್ಧವಾಗಿದೆ. ಕಾರನ್ನು ತಗ್ಗಿಸಿದರೆ ತಿರುವಿನಲ್ಲಿ ಅದು ತಾನಾಗಿಯೇ ಚೆನ್ನಾಗಿ ನಿಲ್ಲುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಪಾಲಿಯೊದ ಮುಂಭಾಗದಲ್ಲಿರುವಂತಹ, ಸ್ಪ್ರಿಂಗೂ ಶಾಕೂ ಒಂದೇ ಕಂಬದಲ್ಲಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ವ್ಯವಸ್ಥೆಯಲ್ಲಿ ಕಾರನ್ನು ಅತಿಯಾಗಿ ತಗ್ಗಿಸಿದಾಗ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ಗಳ ಕೋನ ಬದಲಾಗಿ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಗುರುತ್ವ ಕೇಂದ್ರಕ್ಕಿಂತ ಹೆಚ್ಚು ಕೆಳಗೆ ಇಳಿದುಬಿಡುತ್ತದೆ. ಅವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ಕಾರನ್ನು ವಾಲಿಸುವ ಬಲ ಹೆಚ್ಚುತ್ತದೆ. ಅದನ್ನು ತಡೆಯಲು ಸ್ಪ್ರಿಂಗನ್ನು ಇನ್ನೂ ಗಡುಸು ಮಾಡಬೇಕಾಗುತ್ತದೆ, ಗಡುಸಾದ ಸ್ಪ್ರಿಂಗು ನಮ್ಮ ಹೊಂಡದ ರಸ್ತೆಗಳಲ್ಲಿ ಚಕ್ರವನ್ನು ನೆಲದಿಂದ ಎಗರಿಸುತ್ತದೆ. ನೆಲ ಬಿಟ್ಟ ಚಕ್ರದಿಂದ ಹಿಡಿತವನ್ನು ನಿರೀಕ್ಷಿಸಲಾಗದು. ತೋಟದ ಮಣ್ಣು ರಸ್ತೆಯ ನಡುದಿಣ್ಣೆಯೂ ಮೋರಿಯ ಕಲ್ಲುಗಳೂ ತಗ್ಗಿದ ಕಾರನ್ನು ಉಳಿಸುವುದಿಲ್ಲ ಎಂಬುದು ಬೇರೆ ಮಾತು. ನಾನು ಕಾರಿನ ಮೂಲ ಎತ್ತರವನ್ನು ಹಾಗೆಯೇ ಇಟ್ಟುಕೊಂಡು ನಾಲ್ಕೂ ಶಾಕ್‌ಗಳನ್ನು, ಮುಂದಿನ ಸ್ಟ್ರಟ್ ಮೌಂಟುಗಳನ್ನು ಮತ್ತು ಲೋಯರ್ ಆರ್ಮ್‌ನ ಬುಷ್‌ಗಳನ್ನು ಹೊಸದಾಗಿ ಹಾಕಿದೆ. ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಅಲೆದೆ; ಪಾಲಿಯೊದ ಹೆಸರು ಹೇಳಿದಾಗ ಇಲ್ಲವೆಂದ ವಸ್ತು ಎಷ್ಟೋ ಸಲ ಅದೇ ಬುನಾದಿಯ ಮೇಲೆ ಬಂದ ಸಿಯೆನಾ ಅಥವಾ ಪೆಟ್ರಾ ಕಾರಿನ ಹೆಸರಿನಲ್ಲಿ ಸಿಕ್ಕಿತು.

ಅಲಾಯ್ ವೀಲ್ ಆರಿಸುವವರು ಅತ್ಯಂತ ಎಚ್ಚರದಿಂದಿರಬೇಕಾದ ಸಂಗತಿಯೊಂದಿದೆ. ಪಾಲಿಯೊದ ಚಕ್ರದ ನಾಲ್ಕು ಬೋಲ್ಟುಗಳು 98 ಮಿಲಿಮೀಟರ್ ವ್ಯಾಸದ ವೃತ್ತದ ಮೇಲಿವೆ. ಬಹುತೇಕ ಇತರ ಸಣ್ಣ ಕಾರುಗಳಲ್ಲಿ ಅದು 100 ಮಿಲಿಮೀಟರ್. ಅಂದರೆ ಒಂದೊಂದು ಬೋಲ್ಟಿನ ಜಾಗದಲ್ಲಿ ವ್ಯತ್ಯಾಸ ಕೇವಲ ಒಂದು ಮಿಲಿಮೀಟರ್. ಅಂಗಡಿಯಲ್ಲಿ 100ರ ವೀಲನ್ನು ಕೂರಿಸಿ ಬಿಗಿದರೆ ಬೋಲ್ಟುಗಳು ಹೊಕ್ಕಂತೆಯೇ ಕಾಣುತ್ತವೆ, ಆದರೆ ಅವುಗಳ ಶಂಕುವಿನಾಕಾರದ ತಲೆ ರಂಧ್ರದ ಅಂಚಿನಲ್ಲಿ ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತದೆ. ಹಾಗೆ ಓಡಿಸಿದರೆ ಬೋಲ್ಟು ಸಡಿಲವಾಗಬಹುದು, ಇಲ್ಲವೇ ಬಳಲಿ ಮುರಿಯಬಹುದು. ಚಕ್ರದ ನಡುವಿನ ರಂಧ್ರವೂ ಹಬ್ಬಿನ 58.1 ಮಿಲಿಮೀಟರಿಗೆ ಸರಿಯಾಗಿ ಕೂರಬೇಕು. ದೊಡ್ಡದಿದ್ದರೆ ನಡುವೆ ಬಳೆ ಹಾಕಬೇಕು. ನಾನು ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿಟ್ಟುಕೊಂಡೇ ವೀಲ್ ಹುಡುಕಲು ಹೋಗುತ್ತಿದ್ದೆ. ಟಯರಿನ ಅಳತೆಯಲ್ಲಿ 175/65 ಆರ್14 ಬದಲು ತುಸು ಅಗಲವಾದ 185/60 ಆರ್14 ಆರಿಸಿದೆ, ಹೊರವ್ಯಾಸದಲ್ಲಿ ಶೇ. 1ರಷ್ಟೇ ವ್ಯತ್ಯಾಸ ಬರುವುದರಿಂದ ಸ್ಪೀಡೊಮೀಟರಿನ ಲೆಕ್ಕ ಹೆಚ್ಚೇನೂ ತಪ್ಪುವುದಿಲ್ಲ. ಕಾನೂನಿನ ಪ್ರಕಾರ ಟಯರಿನ ಗೀರು 1.6 ಮಿಲಿಮೀಟರ್ ಉಳಿದಿದ್ದರೆ ಸಾಕು. ಮಳೆನೀರು ಹರಿಯುವ ಘಟ್ಟದ ರಸ್ತೆಗೆ ಅದು ಏನೇನೂ ಸಾಲದು ಎಂಬ ಕಾರಣಕ್ಕೆ 3 ಮಿಲಿಮೀಟರಿಗೇ ನಾನು ಟಯರು ಬದಲಿಸುತ್ತೇನೆ.

ಎಂಜಿನ್ನಿನಲ್ಲಿ ಶಕ್ತಿ ಹೆಚ್ಚಿಸುವ ಯಾವ ಬದಲಾವಣೆಯನ್ನೂ ಮಾಡಿಲ್ಲ. ಎತ್ತರದ ತೆಳು ಗಾಳಿಯಿಂದಾಗಿ ಟರ್ಬೊ ಇಲ್ಲದ ಯಾವುದೇ ಎಂಜಿನ್ ಮಡಿಕೇರಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬಾನೆಟ್ಟಿನೊಳಗೆ ತೆರೆದ ಶಂಕುವಿನಾಕಾರದ ಫಿಲ್ಟರ್ ಹಾಕಿದರೆ ಎಂಜಿನ್ನಿನ ಬಿಸಿಗಾಳಿಯನ್ನೇ ಎಳೆದುಕೊಂಡು ಇನ್ನಷ್ಟು ನಷ್ಟವಾಗುತ್ತದೆ. ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಬೆಲ್ಟು, ಅದರ ಟೆನ್ಷನರ್, ನೀರಿನ ಪಂಪು, ಥರ್ಮೋಸ್ಟಾಟ್ ಮತ್ತು ಎಲ್ಲ ಕೂಲಂಟ್ ಹೋಸುಗಳನ್ನು ಒಟ್ಟಿಗೇ ಬದಲಿಸಿದೆ. ಈ ಎಂಜಿನ್ನಿನಲ್ಲಿ ಬೆಲ್ಟು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುವುದರಿಂದ, ಹಿಂದಿನ ಮಾಲೀಕರ ಮಾತನ್ನು ನಂಬಿ ಹಳೆಯ ಬೆಲ್ಟಿನಲ್ಲಿ ಯಾರೂ ಓಡಿಸಬಾರದು.

ಸೈಲೆನ್ಸರನ್ನು ಮೂಲ ರೂಪದಲ್ಲಿಯೇ ಉಳಿಸಿಕೊಂಡಿದ್ದೇನೆ. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಕಾಡಾನೆಗಳ ಓಡಾಟ ಇರುವುದು ಎಲ್ಲರಿಗೂ ಗೊತ್ತು. ಮುಂಜಾನೆ ಕೆಲಸಕ್ಕೆ ನಡೆದುಹೋಗುವ ಕಾರ್ಮಿಕರು ಪೊದೆಯ ಸಪ್ಪಳ ಆಲಿಸುತ್ತಲೇ ಹೆಜ್ಜೆ ಇಡುತ್ತಾರೆ. ಅಂತಹ ದಾರಿಯಲ್ಲಿ ಕಿವಿ ಗಡಚಿಕ್ಕುವ ಸೈಲೆನ್ಸರ್ ಹಾಕಿಕೊಂಡು ಹೋಗುವುದನ್ನು ನಾನು ತಪ್ಪೆಂದೇ ಭಾವಿಸುತ್ತೇನೆ.

ಮಳೆಯಿಂದ ಕಾರಿಗೆ ಆಗುವ ಹಾನಿ ಬಹುಪಾಲು ಕಣ್ಣಿಗೆ ಬೀಳದ ಜಾಗಗಳಲ್ಲೇ ನಡೆಯುತ್ತದೆ. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗಿರುವ ಪ್ಲಾಸ್ಟಿಕ್ ಜಾಲರಿಯನ್ನು ಬಿಚ್ಚಿದಾಗ ಸಿಲ್ವರ್ ಓಕ್ ಎಲೆಗಳು ಕೊಳೆತು, ಕಪ್ಪು ಗೊಬ್ಬರದಂತಾಗಿ, ನೀರು ಹೊರಹೋಗುವ ರಂಧ್ರಗಳನ್ನು ಪೂರ್ತಿ ಮುಚ್ಚಿದ್ದವು. ಅಲ್ಲಿ ನಿಂತ ನೀರು ಕಾರಿನೊಳಕ್ಕೆ ಜಿನುಗಿ ವೈರಿಂಗಿಗೆ ತಗಲುತ್ತದೆ. ಅದನ್ನೂ ಬಾಗಿಲುಗಳ ಕೆಳ ಅಂಚಿನ ರಂಧ್ರಗಳನ್ನೂ ಸ್ವಚ್ಛಗೊಳಿಸಿ, ಬಾಗಿಲಡಿಯ ಪೊಳ್ಳು ಭಾಗಗಳಿಗೆ ತುಕ್ಕುನಿರೋಧಕ ಮೇಣವನ್ನು ಸಿಂಪಡಿಸಿ, ಬ್ಯಾಟರಿಯ ಅರ್ತಿಂಗ್ ತಂತಿ ದೇಹಕ್ಕೆ ಕೂಡುವ ಎಲ್ಲ ಜಾಗಗಳನ್ನೂ ಉಜ್ಜಿ ಬಿಗಿದೆ. ಹೆಡ್‌ಲೈಟಿಗೆ ಹೆಚ್ಚು ವಾಟಿನ ಬಲ್ಬು ಹಾಕುವ ಬದಲು ದಪ್ಪ ತಂತಿ ಮತ್ತು ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಹಾಯಿಸುವ ಸ್ವಿಚ್ಚಾದ ರಿಲೇ ಅಳವಡಿಸಿದೆ. ಹ್ಯಾಲೊಜನ್ ಬಲ್ಬಿಗೆ ತಲುಪುವ ವೋಲ್ಟೇಜು ಶೇ. 10ರಷ್ಟು ಕುಸಿದರೆ ಬೆಳಕು ಶೇ. 30ರಷ್ಟು ಕುಸಿಯುತ್ತದೆಯಾದ್ದರಿಂದ, ಹಳೆಯ ತಂತಿಗಳಲ್ಲಿ ಸೋರಿಹೋಗುತ್ತಿದ್ದ ವೋಲ್ಟೇಜನ್ನು ಉಳಿಸಿದ್ದಷ್ಟಕ್ಕೇ ಮಂಜಿನ ರಾತ್ರಿಗಳಲ್ಲಿ ರಸ್ತೆಯ ಅಂಚು ಕಾಣುವಂತಾಯಿತು.

ಕಾನೂನಿನ ಮಾತನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್.ಸಿ.ಯಲ್ಲಿ ನಮೂದಾದ ತಯಾರಕರ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅಂತಹ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶ ಕೊಟ್ಟಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸುವಾಗ ವಾಹನವನ್ನು ತಪಾಸಣೆಗೆ ಒಡ್ಡಬೇಕಾಗುತ್ತದೆ. ಎಂಜಿನ್, ಬಣ್ಣ, ಸೈಲೆನ್ಸರ್ ಯಾವುದನ್ನೂ ಮುಟ್ಟದ ಕಾರಿಗೆ ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ನವೀಕರಣ ಸುಲಭವಾಗಿ ಆಯಿತು. ವೀಲ್ ಮತ್ತು ಟಯರಿನ ಬದಲಾವಣೆಯನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿದ್ದೇನೆ.

ಮಾಡಿದ ಕೆಲಸ ಸರಿಯಾಗಿದೆಯೇ ಎಂಬುದನ್ನು ಸಂಪಾಜೆ ಘಟ್ಟದಲ್ಲಿಯೇ ಪರೀಕ್ಷಿಸುತ್ತೇನೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಹಲವೆಡೆ ಕೊಚ್ಚಿಹೋಗಿ ಮತ್ತೆ ಕಟ್ಟಿದ ರಸ್ತೆ ಅದು. ಅಲ್ಲಿ ವೇಗದ ಪರೀಕ್ಷೆಗೆ ಅವಕಾಶವೂ ಇಲ್ಲ, ನನಗೆ ಅದರ ಅಗತ್ಯವೂ ಇಲ್ಲ. ಎಲ್ಲರಂತೆ ಎರಡನೇ, ಮೂರನೇ ಗೇರಿನಲ್ಲಿ ಇಳಿದು, ಕೆಳಗೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ದೂರದಿಂದಲೇ ಉಷ್ಣತೆ ಅಳೆಯುವ ಥರ್ಮಾಮೀಟರನ್ನು ಎರಡೂ ಡಿಸ್ಕುಗಳಿಗೆ ಹಿಡಿಯುತ್ತೇನೆ. ಎಡ ಮತ್ತು ಬಲದ ಅಂಕಿಗಳು ಹತ್ತಿರವಿದ್ದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಎರಡೂ ಬ್ರೇಕ್ ಕ್ಯಾಲಿಪರುಗಳು ಸಮನಾಗಿ ಕೆಲಸ ಮಾಡುತ್ತಿವೆ ಎಂದರ್ಥ. ಇತ್ತೀಚೆಗೆ ಎಡಗಡೆಯದು ಸ್ಪಷ್ಟವಾಗಿ ಹೆಚ್ಚು ಬಿಸಿಯಾಗುತ್ತಿದೆ. ಜಾರುವ ಪಿನ್ನುಗಳನ್ನು ಬಿಚ್ಚಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿ ನೋಡಿದರೂ ವ್ಯತ್ಯಾಸ ಹೋಗದ ಕಾರಣ, ಪಿಸ್ಟನ್ನಿನ ಸೀಲು ಗಡುಸಾಗಿ ಪಿಸ್ಟನ್ ಪೂರ್ತಿ ಹಿಂದಕ್ಕೆ ಸರಿಯುತ್ತಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಎರಡೂ ಬದಿಯ ಸೀಲ್ ಕಿಟ್ಟುಗಳಿಗೆ ಹೇಳಿಯಾಗಿದೆ. ಅವು ಬಂದೊಡನೆ, ಮುಂಗಾರಿಗೆ ಮುನ್ನ, ಕ್ಯಾಲಿಪರುಗಳನ್ನು ಬಿಚ್ಚಲಿದ್ದೇನೆ.