ಕೊನೆಯ ಲಾಟ್ ಎಲ್ಲಿ ಹೋಯಿತು: ಲೂಪಿನಿಂದ ಐಟರೇಟರಿಗೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನನ್ನ ಸೋದರಮಾವನ ದಲಾಲಿ ಅಂಗಡಿ ಇದೆ. ಟೆಂಡರ್ ಮುಗಿದ ಮೇಲೆ ಯಾವ ರೈತನ ಲಾಟ್ ಎಷ್ಟು ಚೀಲ, ಎಷ್ಟು ತೂಕ, ತಳಿ ಡಬ್ಬಿಯೋ ಕಡ್ಡಿಯೋ, ಯಾವ ದರಕ್ಕೆ ಹೋಯಿತು ಎಂಬುದನ್ನು ಅವರು ಒಂದು ಫೈಲಿನಲ್ಲಿ ಸಾಲುಸಾಲಾಗಿ ಬರೆದಿಡುತ್ತಾರೆ. ಅದನ್ನು ಓದಿ ರೈತರಿಗೆ ಕೊಡುವ ಲೆಕ್ಕದ ಪಟ್ಟಿ ತಯಾರಿಸುವ ಚಿಕ್ಕ ಪ್ರೋಗ್ರಾಮೊಂದನ್ನು ನಾನು ಹುಬ್ಬಳ್ಳಿಯಲ್ಲಿ ಕುಳಿತು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ಭಾಷೆ ಕಲಿಯಲು ಅದೇ ನೆಪವಾಯಿತು. ಸಿ ಭಾಷೆಯಲ್ಲಿ ಪಳಗಿದ ಕೈಯಾದ್ದರಿಂದ ಬರೆದದ್ದೆಲ್ಲ ರಸ್ಟ್ ವೇಷ ತೊಟ್ಟ ಸಿ ಆಗಿತ್ತು. ಎಲ್ಲ ಕಡೆಗೂ ಸೊನ್ನೆಯಿಂದ ಹೊರಡುವ ಒಂದು ಇಂಡೆಕ್ಸ್, ಅಂದರೆ ಸ್ಥಾನದ ಸಂಖ್ಯೆ; ಅದನ್ನು ಹಿಡಿದು ವೆಕ್ಟರಿನೊಳಗೆ, ಅಂದರೆ ಸಾಲುಗಳನ್ನು ತುಂಬಿಟ್ಟ ಪಟ್ಟಿಯೊಳಗೆ, ಮತ್ತೆಮತ್ತೆ ಇಣುಕುವ ಲೂಪ್.

ಒಬ್ಬ ರೈತನ ಲಾಟುಗಳು ಫೈಲಿನಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಅವನ ಲೆಕ್ಕ ಎಲ್ಲಿಗೆ ಮುಗಿಯಿತು ಎಂದು ತಿಳಿಯಲು ಪ್ರತಿ ಸಾಲನ್ನು ಮುಂದಿನ ಸಾಲಿನೊಂದಿಗೆ ಹೋಲಿಸಬೇಕಿತ್ತು. ಕೊನೆಯ ಸಾಲಿಗೆ ಮುಂದಿನದು ಇಲ್ಲವಾದ್ದರಿಂದ ಲೂಪನ್ನು ವೆಕ್ಟರಿನ ಉದ್ದಕ್ಕಿಂತ ಒಂದು ಕಡಿಮೆಗೆ ನಿಲ್ಲಿಸಿದ್ದೆ. ಅದೇ ಲೂಪಿನಲ್ಲಿ ದಿನದ ಒಟ್ಟು ಚೀಲಗಳನ್ನೂ ಕೂಡಿಸಿದ್ದು ನನ್ನ ತಪ್ಪು. "ಅಳಿಯಾ, ನಲವತ್ತೊಂದು ಚೀಲ ಇಳಿಸೇವಿ, ನಿನ್ನ ಕಾಗದದಾಗ ಮೂವತ್ತೆಂಟ ಅದಾವಲ್ಲೋ" ಎಂದು ಮಾವ ಫೋನು ಮಾಡಿದಾಗಲೇ ಕೊನೆಯ ಲಾಟ್ ಲೆಕ್ಕದಿಂದ ಬಿದ್ದುಹೋಗಿರುವುದು ಗೊತ್ತಾಯಿತು. ಒಂದೂ ಲಾಟ್ ಇಲ್ಲದ ಖಾಲಿ ಫೈಲನ್ನು ಕೊಟ್ಟು ನೋಡಿದರೆ ಪ್ರೋಗ್ರಾಮ್ ನಿಂತೇಹೋಯಿತು: ವೆಕ್ಟರಿನ ಉದ್ದಕ್ಕೆ ರಸ್ಟ್ ಬಳಸುವ ಪೂರ್ಣಾಂಕಕ್ಕೆ ಋಣ ಬೆಲೆ ಇಲ್ಲ, ಸೊನ್ನೆಯಿಂದ ಒಂದನ್ನು ಕಳೆದ ಜಾಗದಲ್ಲೇ ಅದು ಕೈಚೆಲ್ಲಿತ್ತು.

ಆಮೇಲೆ ದಿನಕ್ಕೊಂದು ಲೂಪನ್ನು ಐಟರೇಟರಿಗೆ, ಅಂದರೆ ಇಂಡೆಕ್ಸ್ ಇಲ್ಲದೆ ಸಾಲುಗಳನ್ನು ತಾನೇ ಒಂದೊಂದಾಗಿ ಎತ್ತಿಕೊಡುವ ವ್ಯವಸ್ಥೆಗೆ, ಬದಲಿಸುವುದೆಂದು ನಿಶ್ಚಯಿಸಿದೆ. ಹಳೆಯ ಲೂಪನ್ನು ಅಳಿಸದೆ ಪಕ್ಕದಲ್ಲಿಟ್ಟು, ಎರಡರ ಉತ್ತರವೂ ಒಂದೇ ಎಂದು ಅಸರ್ಟ್ ಮಾಡಿ (ಬೇರೆಯಾದರೆ ಪ್ರೋಗ್ರಾಮ್ ನಿಲ್ಲುವಂತೆ ಬರೆದು), ಹಲವು ದಿನಗಳ ಫೈಲುಗಳ ಮೇಲೆ ಓಡಿಸಿದ ಮೇಲೆಯೇ ಹಳೆಯದನ್ನು ತೆಗೆಯುತ್ತಿದ್ದೆ. ಯಾವುದರಿಂದ ಶುರುಮಾಡಬೇಕು ಎಂಬುದನ್ನು ರಸ್ಟ್ ಕೋಡನ್ನು ಪರೀಕ್ಷಿಸಿ ಸಲಹೆ ಕೊಡುವ ಕ್ಲಿಪ್ಪಿ ಎಂಬ ಸಾಧನ ಹೇಳಿತು. ಇಂಡೆಕ್ಸ್ ಬರೀ ವೆಕ್ಟರಿನೊಳಗೆ ಕೈಹಾಕಲು ಮಾತ್ರ ಬಳಕೆಯಾಗಿರುವ ಲೂಪುಗಳನ್ನು ಅದು ಒಂದೊಂದಾಗಿ ಎತ್ತಿ ತೋರಿಸುತ್ತದೆ. ನನ್ನ ಆ ಗೊಂದಲದ ಲೂಪು ಎರಡಾಗಿ ಒಡೆಯಿತು. ಹೋಲಿಕೆಗೆ ವಿಂಡೋಸ್ ಎಂಬ ರಸ್ಟಿನ ವಿಧಾನಕ್ಕೆ ಎರಡು ಎಂದು ಕೊಟ್ಟರೆ ಅಕ್ಕಪಕ್ಕದ ಜೋಡಿಗಳು ತಾವಾಗಿ ಬರುತ್ತವೆ, ಫೈಲು ಖಾಲಿ ಇದ್ದರೆ ಜೋಡಿಯೇ ಇರುವುದಿಲ್ಲ. ಚೀಲಗಳ ಮೊತ್ತಕ್ಕೆ, ಪ್ರತಿ ಸಾಲಿನಿಂದ ಚೀಲದ ಸಂಖ್ಯೆ ತೆಗೆಯುವ ಮ್ಯಾಪ್ ಮತ್ತು ಅವನ್ನು ಕೂಡಿಸುವ ಸಮ್ ಸಾಕಾಯಿತು. ಎಲ್ಲಿಯವರೆಗೆ ಹೋಗಬೇಕು ಎಂಬ ಪ್ರಶ್ನೆಯನ್ನೇ ನಾನು ಬರೆಯಬೇಕಾಗಲಿಲ್ಲ.

ನನ್ನನ್ನು ಹೆಚ್ಚು ದಿನ ಕಾಡಿದ್ದು ವೆಕ್ಟರಿನಿಂದ ಐಟರೇಟರ್ ಪಡೆಯುವ ಎರಡು ದಾರಿಗಳಾದ ಐಟರ್ ಮತ್ತು ಇಂಟು ಐಟರ್ ನಡುವಿನ ಅಂತರ. ಇದನ್ನು ನಾನು ಅಂಗಡಿಯ ಲೆಕ್ಕದಲ್ಲೇ ಅರ್ಥಮಾಡಿಕೊಂಡೆ: ಐಟರ್ ಎಂದರೆ ಚೀಲದ ಬಾಯಿ ಬಿಚ್ಚಿ ಕಾಯಿ ನೋಡುವುದು, ಇಂಟು ಐಟರ್ ಎಂದರೆ ಚೀಲವನ್ನೇ ಖರೀದಿದಾರನ ಗಾಡಿಗೆ ಹೇರುವುದು. ವೆಕ್ಟರಿನ ಹೆಸರನ್ನು ನೇರವಾಗಿ ಫಾರ್ ಲೂಪಿಗೆ ಕೊಟ್ಟರೂ ಹೇರಿದಂತೆಯೇ. ಮುಂದೆ ಆ ವೆಕ್ಟರನ್ನು ಮುಟ್ಟಲು ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬಿಡುವುದಿಲ್ಲ. ಐಟರ್ ಕೊಡುವುದು ರೆಫರೆನ್ಸ್, ಅಂದರೆ ಲಾಟನ್ನಲ್ಲ, ಅದು ಇರುವ ಜಾಗದ ಗುರುತನ್ನು; ಬೇಕಾದದ್ದನ್ನು ಮಾತ್ರ ಉಳಿಸುವ ಫಿಲ್ಟರ್ ಅದಕ್ಕೆ ಮತ್ತೊಂದು ರೆಫರೆನ್ಸ್ ಸುತ್ತಿ, ನಾವು ಪರೀಕ್ಷೆ ಬರೆದುಕೊಟ್ಟ ಪುಟ್ಟ ಫಂಕ್ಷನ್ನಿನ, ಅಂದರೆ ಕ್ಲೋಷರಿನ, ಕೈಗೆ ಕೊಡುತ್ತದೆ. ತೂಕವನ್ನು ಐವತ್ತರೊಂದಿಗೆ ಹೋಲಿಸಲು ಹೋಗಿ ನಾನು ಒಂದು ಸಂಜೆಯನ್ನೇ ಕಳೆದದ್ದು ಆ ಜೋಡಿ ಹೊದಿಕೆ ಕಾಣದೆ.

ಪಟ್ಟಿಗಳನ್ನು ಮುದ್ರಿಸಲು ಮ್ಯಾಪ್ ಬರೆದಾಗ ತೆರೆಯ ಮೇಲೆ ಏನೂ ಬರಲಿಲ್ಲ. ಮ್ಯಾಪ್ ಸೋಮಾರಿ, ಐಟರೇಟರಿಗೆ ಕಡ್ಡಾಯವಾಗಿರುವುದು ನೆಕ್ಸ್ಟ್ ಎಂಬ ಒಂದೇ ವಿಧಾನ, ಅದನ್ನು ಯಾರಾದರೂ ಕರೆಯುವವರೆಗೆ ಒಂದು ಸಾಲೂ ಕದಲುವುದಿಲ್ಲ. ಕಂಪೈಲರ್ ಎಚ್ಚರಿಸಿತ್ತು, ನಾನು ಓದಿರಲಿಲ್ಲ. ಮುದ್ರಿಸುವ ಕೆಲಸಕ್ಕೆ ಫಾರ್ ಲೂಪನ್ನೇ ಉಳಿಸಿಕೊಂಡೆ. ಅದೂ ಒಳಗೆ ನೆಕ್ಸ್ಟ್ ಅನ್ನೇ ಕರೆಯುತ್ತದೆ. ತಳಿವಾರು ಮೊತ್ತವನ್ನು ಹೆಸರಿಗೊಂದು ಸಂಖ್ಯೆ ಜೋಡಿಸಿಡುವ ಹ್ಯಾಶ್‌ಮ್ಯಾಪಿಗೆ ತುಂಬುವ ಲೂಪನ್ನು, ಸಾಲುಗಳನ್ನು ಒಂದೇ ಉತ್ತರಕ್ಕೆ ಸೇರಿಸುತ್ತ ಹೋಗುವ ಫೋಲ್ಡ್ ಆಗಿ ಬರೆದು ನೋಡಿದೆ, ಮರುದಿನ ನನಗೇ ಓದಲಾಗಲಿಲ್ಲ, ಹಿಂದಕ್ಕೆ ತಂದೆ. ವೇಗದ ಮಾತೂ ಇದೆ, ಇಂಡೆಕ್ಸ್ ವೆಕ್ಟರಿನ ಮಿತಿಯೊಳಗಿದೆಯೇ ಎಂದು ಪರೀಕ್ಷಿಸುವ ಕೆಲಸ ಐಟರೇಟರಿನಲ್ಲಿ ಸಾಮಾನ್ಯವಾಗಿ ತಪ್ಪುತ್ತದೆ; ಕೆಲವು ನೂರು ಸಾಲಿನ ಫೈಲಿಗೆ ಅದರ ಗೊಡವೆ ಬೇಕಿರಲಿಲ್ಲ.

ಇಷ್ಟಾದ ಮೇಲೆ ಮತ್ತೊಂದು ಲಾಟ್ ಕಳೆಯಿತು. ಸಾಲುಗಳನ್ನು ಓದುವಲ್ಲಿ ನಾನು ಫಿಲ್ಟರ್ ಮ್ಯಾಪ್ ಬಳಸಿ, ಸಂಖ್ಯೆಯಾಗಿ ಓದಲಾಗದ್ದನ್ನು ಬಿಟ್ಟುಬಿಡುವಂತೆ ಬರೆದಿದ್ದೆ. ಮಾವ ತೂಕದ ಕಾಲಮ್ಮಿನಲ್ಲಿ 42 ಎಂದು ಬರೆಯುವ ಬದಲು 42 ಕೆಜಿ ಎಂದು ಬರೆದ ದಿನ ಆ ಸಾಲು ಸದ್ದಿಲ್ಲದೆ ಮಾಯವಾಯಿತು. ಮೊದಲಿನ ತಪ್ಪು ಅಂಚಿನಲ್ಲಿತ್ತು, ಹುಡುಕಿದರೆ ಸಿಕ್ಕಿತು. ಇದು ಅಚ್ಚುಕಟ್ಟಾದ ಸರಪಳಿಯ ನಡುವೆ, ಯಾರಿಗೂ ಅನುಮಾನ ಬಾರದ ಕಡೆ ಇತ್ತು. ಎರಡು ಪಟ್ಟಿಗಳನ್ನು ಜೋಡಿಜೋಡಿಯಾಗಿ ಹೆಣೆಯುವ ಜಿಪ್ ಬಳಸಿದ ಜಾಗಗಳನ್ನೂ ಆಗಲೇ ಹುಡುಕಿ ನೋಡಿದೆ, ಏಕೆಂದರೆ ಅದು ಎರಡರಲ್ಲಿ ಚಿಕ್ಕ ಪಟ್ಟಿ ಮುಗಿದ ಕೂಡಲೇ ಮೌನವಾಗಿ ನಿಲ್ಲುತ್ತದೆ. ಓದುವ ಭಾಗವನ್ನು, ಎಲ್ಲ ಸಾಲೂ ಸರಿಯಿದ್ದರೆ ಲಾಟುಗಳನ್ನು, ಇಲ್ಲದಿದ್ದರೆ ತಪ್ಪನ್ನು ಹಿಡಿದಿಡುವ ರಿಸಲ್ಟಿಗೆ ಕಲೆಕ್ಟ್ ಆಗುವಂತೆ (ಕೂಡಿಬೀಳುವಂತೆ) ಬದಲಿಸಿ, ಸಾಲುಗಳಿಗೆ ಸಂಖ್ಯೆ ಹಚ್ಚುವ ಎನ್ಯೂಮರೇಟ್ ಸೇರಿಸಿ, ತಪ್ಪಿದ ಸಾಲಿನ ಸಂಖ್ಯೆಯನ್ನು ಹೇಳಿ ನಿಲ್ಲುವಂತೆ ಮಾಡಿದೆ. ಆದರೆ ಅದು ಮೊದಲ ತಪ್ಪಿಗೇ ನಿಲ್ಲುತ್ತಿತ್ತು. ಮೂರು ಸಾಲು ಕೆಟ್ಟಿದ್ದರೆ ಮಾವ ಮೂರು ಸಲ ಓಡಿಸಬೇಕಾಗುತ್ತಿತ್ತು, ಟೆಂಡರ್ ದಿನ ಅವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ತಪ್ಪುಗಳನ್ನೆಲ್ಲ ಒಂದು ಕಡೆ, ಸರಿಯಾದ ಲಾಟುಗಳನ್ನು ಇನ್ನೊಂದು ಕಡೆ ಕೂಡಿಹಾಕಲು ಅಲ್ಲಿ ಈಗ ಹತ್ತು ಸಾಲಿನ ಒಂದು ಫಾರ್ ಲೂಪ್ ಇದೆ.