ಯೌವನಸ್ಥರ ಕೂಟದಲ್ಲಿ ಗೆಳೆತನದ ಪಾಠ: ಯೋಬನ ಸ್ನೇಹಿತರಿಂದ ಶುರುಮಾಡಿ

ಚರ್ಚಿನ ಯೌವನಸ್ಥರ ಕೂಟದಲ್ಲಿ ಗೆಳೆತನದ ವಿಷಯ ಬಂತೆಂದರೆ ಬೈಬಲಿನ ಆಪ್ತ ಗೆಳೆಯರಾದ ದಾವೀದ–ಯೋನಾತಾನರ ಕಥೆ ಬಂದೇ ಬರುತ್ತದೆ. ಒಳ್ಳೆಯ ಕಥೆಯೇ. ಆದರೆ ಸಂಡೇ ಸ್ಕೂಲಿನಿಂದ ಕೇಳುತ್ತ ಬೆಳೆದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. 15 ದಾಟಿದವರಿಗೆ ಬೈಬಲಿನ ಯೋಬನ ಗ್ರಂಥವೇ ಮೇಲು. ಅಲ್ಲಿ ಗೆಳೆಯರು ಎಡವುತ್ತಾರೆ. ಒಂದೂವರೆ ಗಂಟೆ ಇದ್ದರೆ ಸಾಕು.

ಬೆಂಚುಗಳನ್ನು ಬಿಟ್ಟು ಕುರ್ಚಿಗಳನ್ನು ದುಂಡಗೆ ಹಾಕಿ. ‘ನಿಮ್ಮ ಬೆಸ್ಟ್ ಫ್ರೆಂಡ್ ಯಾರು?’ ಎಂದು ಮಾತ್ರ ಆರಂಭಿಸಬೇಡಿ. ಅಪ್ಪನಿಗೆ ವರ್ಗವಾಗಿ ಊರಿಗೆ ಹೊಸದಾಗಿ ಬಂದ ಹುಡುಗಿ, ಹಾಸ್ಟೆಲಿನಿಂದ ಭಾನುವಾರ ಮಾತ್ರ ಬರುವ ಹುಡುಗ ಆ ಪ್ರಶ್ನೆಗೇ ಹೊರಗುಳಿಯುತ್ತಾರೆ.

ಮೊದಲು ಯೋಬ 2:11ರಿಂದ 13ರವರೆಗೆ ಒಬ್ಬರಿಂದ ಓದಿಸಿ. ಮಕ್ಕಳು, ಆಸ್ತಿ ಎಲ್ಲ ಹೋಗಿ ಮೈತುಂಬ ಹುಣ್ಣಾದ ಯೋಬನನ್ನು ನೋಡಲು ಗೆಳೆಯರಾದ ಎಲೀಫಜ, ಬಿಲ್ದದ, ಚೋಫರ ಬರುತ್ತಾರೆ. ಅವನ ಗುರುತೇ ಸಿಗುವುದಿಲ್ಲ. ಅಳುತ್ತಾರೆ, 7 ಹಗಲು 7 ರಾತ್ರಿ ತುಟಿ ಬಿಚ್ಚದೆ ನೆಲದ ಮೇಲೆ ಜೊತೆಗೆ ಕೂರುತ್ತಾರೆ. ಇಲ್ಲಿ ನಿಲ್ಲಿಸಿ, ಇವರು ಒಳ್ಳೆಯ ಗೆಳೆಯರೇ ಎಂದು ಕೇಳಿ. ಉತ್ತರ ಬಂದ ಮೇಲೆ 4:7 ಮತ್ತು 8:4 ಓದಿಸಿ. ನಿರಪರಾಧಿ ಎಲ್ಲಾದರೂ ನಾಶವಾದದ್ದುಂಟೇ ಎನ್ನುತ್ತಾನೆ ಎಲೀಫಜ. ಬಿಲ್ದದನಂತೂ ಸತ್ತ ಮಕ್ಕಳ ಪಾಪದ ಮಾತನ್ನು ಹೆತ್ತ ತಂದೆಯೆದುರೇ ಎತ್ತುತ್ತಾನೆ! ನೀವೆಲ್ಲ ಎಂಥ ಸಂತೈಸುವವರು ಎಂದು ಯೋಬ ಸಿಡಿಯುವುದು 16:2ರಲ್ಲಿ.

ಈಗ ಚೀಟಿ ಹಂಚಿ. ಕಷ್ಟದಲ್ಲಿದ್ದಾಗ ಯಾರೋ ಹೇಳಿ ನೋಯಿಸಿದ ಒಂದು ಮಾತನ್ನು ಹೆಸರು ಹಾಕದೆ ಬರೆಯಲಿ. ‘ಪ್ರಾರ್ಥನೆ ಸಾಲದು, ಅದಕ್ಕೇ ಪಿಯುಸಿ ಫೇಲ್’ ಎಂಬಂಥದ್ದೂ ಬರಬಹುದು. ಅದು ಸಭೆಯ ಹಿರಿಯರ ಮಾತಾಗಿರಬಹುದು, ನಿಮ್ಮದೇ ಆಗಿರಬಹುದು. ಸಮರ್ಥನೆಗೆ ಇಳಿಯಬೇಡಿ, ಯಾರ ಅಕ್ಷರವೆಂದು ಹುಡುಕಬೇಡಿ. ಓದಿ, ಪಕ್ಕಕ್ಕಿಡಿ. ನಾವು ಮಕ್ಕಳಿಗೆ ವಚನ ಬಾಯಿಪಾಠ ಮಾಡಿಸುತ್ತೇವೆ. ನೊಂದವರ ಪಕ್ಕ ಸುಮ್ಮನೆ ಕೂರುವುದನ್ನು ಕಲಿಸುವುದಿಲ್ಲ. ನನ್ನ ಪ್ರಕಾರ ಪಾಠ ಇರುವುದು ಅಲ್ಲೇ.

ಅದಕ್ಕೊಂದು ಅಭ್ಯಾಸ. ಯಾವಾಗಲೂ ಅಂಟಿಕೊಂಡೇ ಕೂರುವವರನ್ನು ಬೇರೆ ಮಾಡಿ ಜೋಡಿ ಕಟ್ಟಿ. ಮೊಬೈಲ್ ಬದಿಗಿಟ್ಟು ಒಬ್ಬರು 3 ನಿಮಿಷ, ಈ ವಾರ ಬೇಸರ ತಂದ ಸಣ್ಣದೊಂದು ಸಂಗತಿ ಹೇಳಲಿ. ಇನ್ನೊಬ್ಬರು ಬುದ್ಧಿ ಹೇಳಬಾರದು, ‘ನನಗೂ ಹಾಗೇ ಆಗಿತ್ತು’ ಎಂದು ಬಾಯಿ ಹಾಕಬಾರದು. ಕೊನೆಗೆ ‘ನೀನು ಹೇಳಿದ್ದು ಇದೇ ತಾನೇ?’ ಎಂದು ಕೇಳಿದ್ದನ್ನು ಎರಡು ವಾಕ್ಯದಲ್ಲಿ ತಿರುಗಿ ಹೇಳಬೇಕು. ಮತ್ತೆ ಅದಲುಬದಲು. ಮೊದಲು ನಗುತ್ತಾರೆ, ನಗಲಿ.

‘ಯಾರಿಗೂ ಹೇಳುವುದಿಲ್ಲ’ ಎಂದು ಮುಂದಾಳು ಮಾತು ಕೊಡಬಾರದು. ಚಾಡಿ ಹರಡುವುದಿಲ್ಲ, ಆದರೆ ಪ್ರಾಣಕ್ಕೆ ಅಪಾಯವಿದ್ದರೆ ದೊಡ್ಡವರಿಗೆ ತಿಳಿಸುತ್ತೇನೆ ಎಂದು ಮೊದಲೇ ಹೇಳಿಬಿಡಿ. 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ; ಸಭೆಯ ಮರ್ಯಾದೆಯ ನೆಪ ನಡೆಯದು. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 – ಎರಡನ್ನೂ ಗೋಡೆಗೆ ಅಂಟಿಸಿ.

ಹುಡುಗ–ಹುಡುಗಿಯರ ಸ್ನೇಹದ ಪ್ರಶ್ನೆ ಬಂದೀತು. ಅದಕ್ಕೆ ಬೇರೆ ದಿನ ಇಡಿ, ಇಲ್ಲವಾದರೆ ಇಡೀ ಕೂಟ ಎಚ್ಚರಿಕೆಯ ಭಾಷಣವಾಗಿಬಿಡುತ್ತದೆ.

ಕೊನೆಗೆ ಮಾರ್ಕನ ಸುವಾರ್ತೆ 2:1–12. ಕಪೆರ್ನೌಮಿನಲ್ಲಿ ಜನ ಕಿಕ್ಕಿರಿದು ಬಾಗಿಲಿಗೆ ದಾರಿಯಿಲ್ಲದಾಗ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು ಚಾವಣಿ ಕಿತ್ತು ಅವನನ್ನು ಇಳಿಸುತ್ತಾರೆ. ಅವರಾಡಿದ ಒಂದು ಮಾತೂ ಅಲ್ಲಿ ದಾಖಲಾಗಿಲ್ಲ. ಇದನ್ನು ಓದಿ, ಕೂಟಕ್ಕೆ ಬರುವುದನ್ನು ನಿಲ್ಲಿಸಿರುವ ಒಬ್ಬರನ್ನು ಮನಸ್ಸಿನಲ್ಲೇ ಆರಿಸಿಕೊಂಡು ವಾರದೊಳಗೆ ಹೋಗಿ ಕಾಣಲು ಹೇಳಿ. ವಾಟ್ಸ್ಆ್ಯಪ್ ಮೆಸೇಜ್ ಲೆಕ್ಕಕ್ಕಿಲ್ಲ. ಮುಂದಿನ ವಾರ ಯಾರು ಯಾರ ಮನೆಗೆ ಹೋಗಿದ್ದಿರಿ ಎಂದು ಎಲ್ಲರೆದುರು ಕೈಯೆತ್ತಿಸಬೇಡಿ. ಬಂದು ಹೇಳುವವರು ಕೂಟ ಮುಗಿದ ಮೇಲೆ ತಾವಾಗಿಯೇ ಬಂದು ಹೇಳುತ್ತಾರೆ.