ಬಸವನಹುಳುವನ್ನು ಕೇಳಿ ಮೀನು ತಂದೆ

ನನ್ನ ತೊಟ್ಟಿಯ ಉದ್ದ 45 ಸೆಂಟಿಮೀಟರ್, ಅಗಲವೂ ಎತ್ತರವೂ 30. ಕಾಗದದ ಮೇಲೆ ಲೆಕ್ಕ ಹಾಕಿದರೆ ನಲವತ್ತು ಲೀಟರ್ ಬರುತ್ತದೆ. ಮರಳು ಹರಡಿ, ಕಲ್ಲು ಜೋಡಿಸಿ, ಮೇಲೆ ಎರಡು ಬೆರಳು ಜಾಗ ಬಿಟ್ಟು ಅಳೆದು ಸುರಿದಾಗ ಅದು ಮೂವತ್ತು ಲೀಟರನ್ನೂ ಹಿಡಿಯಲಿಲ್ಲ. ಅಷ್ಟರಲ್ಲಿ ನಾನು ನಲವತ್ತು ಲೀಟರಿನ ಭರವಸೆಯಲ್ಲಿ ಮೀನುಗಳನ್ನು ತಂದಾಗಿತ್ತು.

ಆ ಮೊದಲ ಸಂತೆಯಲ್ಲಿ ಒಂದು ಕೆಂಪು ಫೈಟರ್ ಮೀನು, ಆರು ನಿಯಾನ್ ಟೆಟ್ರಾ ಮೀನು, ಬೆರಳುದ್ದದ ಒಂದು ಸಕ್ಕರ್ ಮೀನು, ಹಳದಿ ಚಿಪ್ಪಿನ ಒಂದು ಮಿಸ್ಟರಿ ಬಸವನಹುಳು ಇದ್ದವು. ಎಲ್ಲವೂ ಚಿಕ್ಕವೇ, ಎಲ್ಲವೂ ಚಂದವೇ. ಅವು ಒಂದೇ ನೀರಿನಲ್ಲಿ ಬಾಳುತ್ತವೆಯೇ ಎಂಬ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಮೊದಲು ತೊಂದರೆಗೆ ಸಿಕ್ಕಿದ್ದು ಬಸವನಹುಳು. ಬಸವ ಎನ್ನಿಸಿಕೊಂಡ ಮೇಲೆ ಕೊಂಬು ಇರಲೇಬೇಕಲ್ಲ. ಮಿಸ್ಟರಿಗೆ ಅವು ಬಹಳ ಉದ್ದ, ನೀರಿನಲ್ಲಿ ಎಳೆಹುಳುಗಳಂತೆ ಓಲಾಡುತ್ತಿರುತ್ತವೆ. ಫೈಟರ್ ಮಾಂಸಾಹಾರಿ. ಅದರ ಕಣ್ಣಿಗೆ ಕೊಂಬು ಕಾಣಲಿಲ್ಲ, ಊಟ ಕಂಡಿತು. ನಾಲ್ಕನೆಯ ದಿನ ಒಂದು ಕೊಂಬು ಅರ್ಧವಾಗಿತ್ತು. ಹುಳು ಚಿಪ್ಪಿನ ಬಾಯಿಯ ಮುಚ್ಚಳವನ್ನು ಎಳೆದುಕೊಂಡು ಮೂಲೆಯಲ್ಲಿ ಬಿದ್ದುಕೊಂಡಿತು. ಎಲ್ಲ ಫೈಟರ್‌ಗಳೂ ಹೀಗೆಯೇ ಎನ್ನಲಾರೆ. ಕೆಲವು ಬಸವನಹುಳುವಿನತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಯಾವುದು ಹೇಗೆ ಎಂಬುದು ತೊಟ್ಟಿಗೆ ಬಿಟ್ಟ ಮೇಲೆಯೇ ತಿಳಿಯುವುದು, ಆ ಪರೀಕ್ಷೆಗೆ ಹುಳುವಿನ ಕೊಂಬನ್ನು ಒತ್ತೆ ಇಡಬೇಕಾಗುತ್ತದೆ.

ಸಕ್ಕರ್ ಮೀನು ಬೆಳೆದರೆ ಒಂದು ಅಡಿಗೂ ಮೀರುತ್ತದೆ ಎಂದು ಓದಿದ ದಿನವೇ ಅದನ್ನು ವಾಪಸ್ ಕೊಟ್ಟೆ.

ಅನಂತರ ನಿಯಾನ್‌ಗಳ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಎದ್ದವು. ಗಾಬರಿಯಲ್ಲಿ ಔಷಧಿ ತಂದು ಲೆಕ್ಕದ ಪ್ರಕಾರವೇ ಸುರಿದೆ. ಸೀಸೆಯ ಮೇಲೆ ಬರೆದ ‘ಕಾಪರ್’ ಎಂಬ ಪದವನ್ನು ಓದಿದ್ದರೂ ಅದರ ಅರ್ಥ ನನಗೆ ತಟ್ಟಲಿಲ್ಲ. ಮೀನಿಗೆ ಔಷಧಿಯಾಗುವ ತಾಮ್ರ ಬಸವನಹುಳುವಿಗೂ ಸಿಗಡಿಗೂ ವಿಷ. ಎರಡು ದಿನಗಳ ಮೇಲೆ ತೊಟ್ಟಿಯ ಮುಚ್ಚಳ ತೆಗೆದಾಗ ಬಂದ ನಾತವನ್ನು ಇಂದಿಗೂ ಮರೆತಿಲ್ಲ. ಸತ್ತ ದೊಡ್ಡ ಬಸವನಹುಳು ಸಣ್ಣ ತೊಟ್ಟಿಯಲ್ಲಿ ಬಹಳ ಬೇಗ ಕೊಳೆಯುತ್ತದೆ, ಅಮೋನಿಯಾ ಏರುತ್ತದೆ, ಆಮೇಲೆ ಮೀನುಗಳ ಸರದಿ. ನನ್ನ ಆರು ನಿಯಾನ್‌ಗಳಲ್ಲಿ ಎರಡು ಉಳಿದವು. ಅವನ್ನು ದೊಡ್ಡ ತೊಟ್ಟಿಯಿದ್ದ ಪರಿಚಿತರೊಬ್ಬರಿಗೆ ಒಪ್ಪಿಸಿ, ಫೈಟರನ್ನು ಬೇರೊಂದು ಸಣ್ಣ ತೊಟ್ಟಿಗೆ ಹಾಕಿ, ನೀರನ್ನೆಲ್ಲ ಬದಲಿಸಿ, ಗಿಡಗಳನ್ನಷ್ಟೇ ನೆಟ್ಟು ಕುಳಿತೆ.

ಆ ಹೊಸ ಗಿಡಗಳ ಜೊತೆ ಕರೆಯದ ನೆಂಟರು ಬಂದಿದ್ದರು: ಭತ್ತದ ಕಾಳಿನಷ್ಟೂ ಇಲ್ಲದ, ಕಂದು ಚಿಪ್ಪಿನ ಬ್ಲ್ಯಾಡರ್ ಬಸವನಹುಳುಗಳು. ಮೊದಲ ವಾರ ಹಿಡಿದು ಹಿಡಿದು ಹೊರಗೆ ಹಾಕಿದೆ. ಒಂದೇ ಹುಳು ಸಂಗಾತಿಯಿಲ್ಲದೆ ಮೊಟ್ಟೆಯಿಟ್ಟು ಸಂಸಾರ ಬೆಳೆಸಬಲ್ಲದು ಎಂದು ತಿಳಿದ ಮೇಲೆ ಸೋತು ಸುಮ್ಮನಾದೆ. ಸುಮ್ಮನಾಗಿ ನೋಡುತ್ತಾ ಕುಳಿತಾಗಲೇ ಒಂದು ಸಂಗತಿ ಗಮನಕ್ಕೆ ಬಂದದ್ದು. ಅವುಗಳ ಚಿಪ್ಪು ನಯವಾಗಿ ಹೊಳೆಯುತ್ತಿತ್ತು. ಎಲ್ಲೂ ಬಿಳಿಚಿಕೊಂಡಿರಲಿಲ್ಲ, ಗುಳಿ ಬಿದ್ದಿರಲಿಲ್ಲ.

ನೀರಿನ ಪರೀಕ್ಷೆ ಮಾಡಿದೆ. ಈ ಕೆಲಸವನ್ನು ಎಲ್ಲಕ್ಕೂ ಮೊದಲು ಮಾಡಬೇಕಿತ್ತು. ಪಿಹೆಚ್ 7.8, ಅಂದರೆ ನೀರು ತುಸು ಕ್ಷಾರೀಯ. ಗಡಸುತನವೂ, ಅಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂನಂಥ ಖನಿಜಗಳೂ, ಚೆನ್ನಾಗಿಯೇ ಇತ್ತು. ಚಿಪ್ಪು ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲೀಯವಾದ ಮೆದು ನೀರಿನಲ್ಲಿ ಅದು ನಿಧಾನವಾಗಿ ಕರಗುತ್ತದೆ. ನಿಯಾನ್‌ಗಳ ಮೂಲವಾದ ಅಮೆಜಾನ್ ಜಲಾನಯನದ ಹೊಳೆಗಳ ನೀರು ಅಂಥದ್ದೇ. ಅಂದರೆ ನಾನು ತಂದ ಮೀನಿಗೆ ಹಿಡಿಸುವ ನೀರು ಹುಳುವಿನ ಮನೆಯನ್ನೇ ಕರಗಿಸುತ್ತದೆ, ಹುಳುವಿಗೆ ಹಿಡಿಸುವ ನೀರು ಆ ಮೀನಿನ ತವರಿನದಲ್ಲ. ಸಾಕಣೆ ಕೇಂದ್ರಗಳಲ್ಲಿ ಬೆಳೆದ ನಿಯಾನ್‌ಗಳು ಮಧ್ಯಮ ನೀರಿಗೆ ಹೊಂದಿಕೊಳ್ಳುತ್ತವೆ ಎನ್ನುವುದು ನಿಜ. ಆದರೆ ನಲ್ಲಿಯಲ್ಲಿ ಬರುವ ನೀರಿನೊಡನೆ ಪ್ರತಿ ವಾರ ಜಗಳವಾಡಲು ನನಗೆ ಮನಸ್ಸಿರಲಿಲ್ಲ. ಹುಳು ಒಪ್ಪಿದ ನೀರನ್ನೇ ಒಪ್ಪುವ ಮೀನನ್ನು ಹುಡುಕುವುದು ಎಂದು ತೀರ್ಮಾನಿಸಿದೆ.

ಹಾಗೆ ಹುಡುಕಿದಾಗ ಪಟ್ಟಿ ತಾನಾಗಿಯೇ ಚಿಕ್ಕದಾಯಿತು. ಗಡಸು ನೀರನ್ನು ಮೆಚ್ಚುವ, ಸಣ್ಣ ಬಾಯಿಯ, ಶಾಂತ ಮೀನು ಎಂದರೆ ನನ್ನ ಅಳತೆಯ ತೊಟ್ಟಿಗೆ ಗಪ್ಪಿಯೇ. ಗಂಡು ಗಪ್ಪಿಗಳನ್ನು ಮಾತ್ರ ತಂದೆ, ಒಟ್ಟು ಐದು. ಒಂದೇ ಒಂದು ಹೆಣ್ಣು ಸೇರಿದರೂ ಕತೆ ಮುಗಿಯಿತು. ಹೆಣ್ಣು ಗಪ್ಪಿ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಕಾದಿಟ್ಟುಕೊಂಡು, ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತಲೇ ಇರುತ್ತದೆ. ಅಂಗಡಿಯಲ್ಲಿ ಒಂಟಿಯಾಗಿ ಕಂಡ ಹೆಣ್ಣು ಒಂಟಿಯಲ್ಲ. ಗಂಡುಗಳಲ್ಲೂ ಒಂದು ಪೋಕರಿ ಇತ್ತು, ಉಳಿದವುಗಳ ಬಾಲದ ಹಿಂದೆ ಬಿದ್ದಿತ್ತು. ನಡುವೆ ಎತ್ತರದ ಗಿಡ ನೆಟ್ಟು ಒಂದನ್ನೊಂದು ಕಾಣದಂತೆ ಮಾಡಿದ ಮೇಲೆ ಅದರ ಆಟ ಕಡಿಮೆಯಾಯಿತು.

ಬಸವನಹುಳುಗಳ ಹಾವಳಿಗೆ ಲೋಚ್ ಮೀನು ತನ್ನಿ ಎಂದು ಹಲವರು ಹೇಳಿದರು. ಯೋಯೋ ಲೋಚ್ ಹುಳುಗಳನ್ನು ತಿನ್ನುತ್ತದೆ, ಸರಿ. ಆದರೆ ಅದು ಹತ್ತು ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, ಗುಂಪಿಲ್ಲದೆ ಬಾಳದು. ಪಶ್ಚಿಮ ಘಟ್ಟದ ನದಿಗಳ ಬಟಾಣಿ ಪಫರ್ ಮೀನೂ ಹುಳು ತಿನ್ನುತ್ತದೆ, ಸಣ್ಣದೇ, ಆದರೆ ಅದು ಮೀನಿನ ಬಾಲವನ್ನೂ ಬಿಡುವುದಿಲ್ಲ. ಹುಳುವನ್ನು ಇಟ್ಟುಕೊಳ್ಳಬೇಕೆನ್ನುವವರಿಗೆ ಇವೆರಡೂ ಅಲ್ಲ.

ಬೇಕೆಂದೇ ತಂದ ಹುಳು ನೆರೈಟ್, ಎರಡು. ಮತ್ತೊಂದು ಮಿಸ್ಟರಿ ತರುವ ಆಸೆ ಇತ್ತು. ಅದು ನೀರಿನ ಮಟ್ಟಕ್ಕಿಂತ ಮೇಲೆ ಗುಲಾಬಿ ಬಣ್ಣದ ಮೊಟ್ಟೆಗೊಂಚಲು ಇಡುವುದರಿಂದ ಕೆರೆದು ತೆಗೆಯುವುದು ಸುಲಭ. ಆದರೆ ಅಷ್ಟು ದೊಡ್ಡ ಹುಳುವಿನ ಹೇಲು ನನ್ನ ಅಳತೆಯ ನೀರಿಗೆ ಹೊರೆ. ನೆರೈಟ್ ಪಾಚಿಯನ್ನು ಕೆರೆದು ತಿನ್ನುವುದರಲ್ಲಿ ಎಲ್ಲಕ್ಕಿಂತ ಗಟ್ಟಿಗ. ಅದರ ಮರಿಗಳು ಬೆಳೆಯಲು ಉಪ್ಪು ಬೆರೆತ ನೀರು ಬೇಕಾದ್ದರಿಂದ ಸಿಹಿನೀರಿನಲ್ಲಿ ಸಂತತಿ ಹೆಚ್ಚುವುದಿಲ್ಲ. ಹಾಗೆಂದು ಮೊಟ್ಟೆ ಇಡುವುದನ್ನು ಬಿಡುತ್ತದೆಯೇ? ಗಾಜು, ಕಲ್ಲು, ಮರದ ಬೇರು ಎಲ್ಲೆಂದರಲ್ಲಿ ಎಳ್ಳು ಎರಚಿದಂತೆ ಬಿಳಿ ಚುಕ್ಕೆ ಅಂಟಿಸುತ್ತದೆ. ಉಗುರಿನಿಂದ ಕೆರೆದರೂ ಏಳುವುದಿಲ್ಲ. ಇದು ಸಹಿಸದವರು ನೆರೈಟ್ ತರಬಾರದು. ತರುವವರು ಹೊಸ ತೊಟ್ಟಿಗೆ ತರಬಾರದು. ಪಾಚಿಯಿಲ್ಲದ ಗಾಜಿನ ಮೇಲೆ ಅದು ಹಸಿದು ಸಾಯುತ್ತದೆ. ನಾನು ಗಾಜು ಹಸಿರಾಗುವವರೆಗೆ ಎರಡು ತಿಂಗಳು ಕಾದೆ. ಮುಚ್ಚಳವಿಲ್ಲದ ತೊಟ್ಟಿಯಿಂದ ರಾತ್ರಿ ಹತ್ತಿ ಹೊರಬೀಳುವ ಚಟವೂ ಅದಕ್ಕಿದೆ. ಬೆನ್ನ ಮೇಲೆ ಬಿದ್ದರೆ ಕೆಲವಕ್ಕೆ ಮಗುಚಿಕೊಳ್ಳಲು ಆಗುವುದಿಲ್ಲ. ಬೆಳಗ್ಗೆ ಎದ್ದು ಅವನ್ನು ನೆಟ್ಟಗೆ ಮಾಡುವುದು ನನ್ನ ದಿನಚರಿಯಲ್ಲಿ ಸೇರಿಹೋಗಿದೆ.

ಬ್ಲ್ಯಾಡರ್ ಹುಳುಗಳೂ ಉಳಿದುಕೊಂಡಿವೆ. ಅವು ನನ್ನ ಕೈಯ ಅಳತೆಗೋಲು. ಸಂಜೆ ಮುಂದಿನ ಗಾಜಿನ ಮೇಲೆ ಹತ್ತರೊಳಗೆ ಕಂಡರೆ ಸರಿ. ನಲವತ್ತು ಕಂಡರೆ ಮೀನಿಗೆ ಹಾಕುವ ತಿಂಡಿ ಹೆಚ್ಚಾಗಿದೆ ಎಂದು ಅರ್ಥ. ಎರಡು ದಿನ ಕೈ ಬಿಗಿ ಹಿಡಿದು, ನೀರಿನ ಕಾಲು ಭಾಗ ಬದಲಿಸುತ್ತೇನೆ. ಹೆಚ್ಚಾದ ಹುಳುಗಳನ್ನು ಕೆರೆಗೋ ಹಳ್ಳಕ್ಕೋ ಬಿಡುವುದಿಲ್ಲ. ಹೊಸ ಮೀನು ಬಂದರೆ ಮೂರು ವಾರ ಪ್ರತ್ಯೇಕ ಪಾತ್ರೆಯಲ್ಲಿ. ಔಷಧಿ ಏನಿದ್ದರೂ ಅಲ್ಲೇ.

ಫೈಟರ್ ಇನ್ನೂ ತನ್ನ ಒಂಟಿ ತೊಟ್ಟಿಯಲ್ಲಿದೆ. ಕಳೆದ ತಿಂಗಳು ಗಿಡದ ಎಲೆಯೊಂದರ ಜೊತೆ ಒಂದು ಬ್ಲ್ಯಾಡರ್ ಹುಳು ಅಲ್ಲಿಗೂ ದಾಟಿದೆ. ಹಗಲಿಡೀ ಫಿಲ್ಟರಿನ ಹಿಂದೆ ಅಡಗಿದ್ದು, ದೀಪ ಆರಿಸಿದ ಮೇಲಷ್ಟೇ ಈಚೆ ಬರುತ್ತದೆ. ಕೊಂಬುಗಳೆರಡೂ ಸದ್ಯಕ್ಕೆ ಹಾಗೆಯೇ ಇವೆ.